ಎರಡನೇ ಕಂತಿನ ‘ನೀನು’

ವೆಲಿನ್‌ಹೆಲಿ ಊರಿನ ದೋಣಿಕಟ್ಟೆಯಲ್ಲಿ ಗಾಳಿ ಎದ್ದಾಗ ಹಾಯಿಹಗ್ಗಗಳು ಲೋಹದ ಕಂಬಗಳಿಗೆ ಬಡಿಯುತ್ತವೆ. ಟಿಣ್, ಟಿಟಿಣ್, ಟಿಣ್. ಒಂದೊಂದು ದೋಣಿಗೆ ಒಂದೊಂದು ಸ್ವರ. ಕಣ್ಣು ಮುಚ್ಚಿ ಕೇಳಿದರೆ ಪಕ್ಕದ ಮನೆಯಲ್ಲಿ ಯಾರೋ ತೊಳೆದ ಚಮಚಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿರುವ ಹಾಗಿರುತ್ತದೆ. ಮೈನಿರ್ ಅವರ ಅಡುಗೆಮನೆಯ ಕಿಟಕಿ ತೆರೆಯುವುದು ಈ ಸದ್ದಿನ ಕಡೆಗೆ. ಸದ್ದು ಜೋರಾಯಿತೆಂದರೆ ಅವರ ಮಾವ ಇದ್ವಲ್, ಒಲೆಯ ಪಕ್ಕದ ಕುರ್ಚಿಯಿಂದ ಏಳದೆಯೇ ಹೇಳುತ್ತಾರೆ:

"ಮೈನಿರ್, ಬಟ್ಟೆ ಒಳಗೆ ತಗೊಳ್ಳಿ. ಮಳೆ ಎದುರಿನ ದ್ವೀಪ ದಾಟಿ ಬಂತು."

ಮೈನಿರ್ ಬಟ್ಟೆ ತರಲು ಹಿತ್ತಲಿಗೆ ಓಡುತ್ತಾರೆ. ಇದ್ವಲ್ ಕಾಲ ಬಳಿ ಮಲಗಿದ ನಾಯಿ ಪೆರೋ ತಲೆ ಎತ್ತುತ್ತದೆ. "ನೀನೆಲ್ಲಿಗೋ? ಮಲಗು" ಎಂದು ಅದರ ಕಿವಿ ತುರಿಸುತ್ತಾರೆ.

ಸೊಸೆಗೆ ನೀವು, ನಾಯಿಗೆ ನೀನು. ನಮ್ಮ ವೆಲ್ಶ್ ಭಾಷೆಯಲ್ಲಿ ಇವು ‘ಖಿ’ ಮತ್ತು ‘ತಿ’. ನನ್ನ ವಯಸ್ಸಿನವರು ಈಗ ಎಲ್ಲರಿಗೂ ತಿ ಅನ್ನುತ್ತೇವೆ, ಬ್ಯಾಂಕಿನವರಿಗೂ. ಇದ್ವಲ್ ಹಾಗಲ್ಲ. ದೋಣಿಗಳನ್ನು ಒಳಬಿಡುವ ದೋಣಿಕಟ್ಟೆಯ ನೀರುಬಾಗಿಲನ್ನು ಕಾಯುತ್ತಿದ್ದ ಕಾಲದಿಂದಲೂ, ಬಂದು ಹೋಗುವ ಎಲ್ಲರಿಗೂ ಅವರು ನೀವು ಅಂದವರು. ತೀರಿಕೊಂಡ ಹೆಂಡತಿಗೂ ಜೀವಮಾನವಿಡೀ ನೀವು. ಅವರ ಬಾಯಲ್ಲಿ ನೀನು ಅನ್ನಿಸಿಕೊಂಡವರು ಮೂವರೇ: ಮಗ ಎಮ್ರಿಸ್, ಪೆರೋ, ಮತ್ತು ಪ್ರಾರ್ಥನಾ ಮಂದಿರದಲ್ಲಿ ದೇವರು.

ಎಮ್ರಿಸ್ ಮೈನಿರ್ ಅವರ ಗಂಡ. ಬೆಟ್ಟ ಹತ್ತುತ್ತಿದ್ದಾಗ ಒಂದು ಬಂಡೆಯ ಮೇಲೆ "ಸ್ವಲ್ಪ ಕೂರ್ತೀನಿ" ಎಂದು ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಮೈನಿರ್ ತಮ್ಮ ಅಕ್ಕನ ಊರಿಗೆ ಹೋಗುತ್ತಾರೆಂದು ಬೀದಿಯವರೆಲ್ಲ ಅಂದುಕೊಂಡರು. ಹೋಗಲಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿದಾಗ, "ಮಾವನಿಗೆ ಮೊಟ್ಟೆ ಬೇಯಿಸೋಕೂ ಬರಲ್ಲ ಪುಟ್ಟಿ" ಅಂದರು. ಆಮೇಲೆ ತಾವೇ ಸೇರಿಸಿದರು, "ನನಗೂ ಆ ಕುರ್ಚಿ ಖಾಲಿ ನೋಡೋಕೆ ಆಗಲ್ಲ."

ನಾನು ಮೈನಿರ್ ಅವರನ್ನು ಕಂಡಿದ್ದು ಬೆಟ್ಟದ ಮೇಲಿನ ಕಾಲೇಜಿನಲ್ಲಿ, ಧಾರಾವಾಹಿ ಬರೆಯುವುದನ್ನು ಕಲಿಸುವ ಎಂ.ಎ. ತರಗತಿಯ ಮೊದಲ ದಿನ. ಆರು ಜನ ಇದ್ದೆವು. ಐದು ಜನಕ್ಕೆ ಮೂವತ್ತು ದಾಟಿರಲಿಲ್ಲ. ಮೈನಿರ್‌ಗೆ ಐವತ್ತೆರಡು. ಬಾಗಿಲಲ್ಲಿ ನಿಂತು ಕೊಡೆ ಕೊಡವುತ್ತಿದ್ದ ಅವರನ್ನು ಟಿಡಿರ್ ಎಂಬ ಹುಡುಗ ಆಫೀಸಿನವರೆಂದು ತಿಳಿದು, "ಮೇಡಂ, ಹೀಟರ್ ಕೆಲಸ ಮಾಡ್ತಿಲ್ಲ" ಎಂದು ದೂರು ಕೊಟ್ಟ. ಮೈನಿರ್ ಹೋಗಿ ಹೀಟರಿನ ತಿರುಪು ತಿರುಗಿಸಿ, ಅದು ಬಿಸಿಯಾಗುವವರೆಗೆ ಅಲ್ಲೇ ಕೈ ಇಟ್ಟು ನಿಂತು, ಆಮೇಲೆ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ಅವನ ಮುಖ ಕೆಂಪಾದದ್ದು ಹೀಟರಿನಿಂದಲ್ಲ.

ಅದಕ್ಕೂ ಮೊದಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರು ಸಬ್‌ಟೈಟಲ್ ಬರೆದವರು. ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಮ್ಮ ವೆಲ್ಶ್ ಟಿವಿ ವಾಹಿನಿಯ ಕುರಿ ಸಂತೆಯ ವರದಿ, ಭಜನೆ, ಮಕ್ಕಳ ಕಾರ್ಯಕ್ರಮ, ಧಾರಾವಾಹಿ ಎಲ್ಲದರ ಕೆಳಗೂ ಇಂಗ್ಲಿಷ್ ಸಾಲು ಕೂರಿಸುವ ಕೆಲಸ. ಯಾವಾಗಲೂ ಎರಡೇ ಸಾಲು. ಹೆಚ್ಚಾದರೆ ನೋಡುವವರ ಕಣ್ಣು ಓದಿ ಮುಗಿಸುವುದಿಲ್ಲ. ಆ ಕೆಲಸವನ್ನು ಯಂತ್ರ ಮಾಡತೊಡಗಿದ ಮೇಲೆ ಕೆಲಸ ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ತರಗತಿಗೆ ಸೇರಿಸಿಕೊಳ್ಳುವ ಮುಂಚೆ ನಮ್ಮ ಮೇಷ್ಟ್ರು ಐವಿಯನ್ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದ್ದರಂತೆ, ಯಾಕೆ ಬರೀಬೇಕು ಅಂತ.

"ಇಷ್ಟು ವರ್ಷ ಬೇರೆಯವರ ಮಾತಿನ ಕೆಳಗೆ ಬರೆದೆ" ಎಂದರಂತೆ ಮೈನಿರ್. "ಒಂದು ಸಲ ಮೇಲೆ ಬರೀಬೇಕು."

ಐವಿಯನ್ ಊರಿನವರೆಲ್ಲ ಸಂಜೆ ನೋಡುವ ಒಂದು ಧಾರಾವಾಹಿಗೆ ವರ್ಷಗಟ್ಟಲೆ ಬರೆದು ಸುಸ್ತಾಗಿ ಕಲಿಸಲು ಬಂದವರು. ಗೋಡೆಯ ತುಂಬ ನಾವು ಬರೆದ ಬಣ್ಣದ ಕಾರ್ಡುಗಳನ್ನು ಅಂಟಿಸುತ್ತಿದ್ದರು. ಒಂದು ಕಾರ್ಡಿಗೆ ಒಂದು ದೃಶ್ಯ. ನಾವು ಓದಿದ ಮೇಲೆ ಒಂದೊಂದನ್ನೂ ಕಿತ್ತು ಕೈಗೆ ಕೊಟ್ಟು ಕೇಳುತ್ತಿದ್ದರು: ಇಲ್ಲಿ ಯಾರಿಗೆ ಏನು ಬೇಕು? ಅದು ಯಾಕೆ ಸಿಗುತ್ತಿಲ್ಲ? ಸಿಗದಿದ್ದರೆ ಏನಾಗುತ್ತೆ? ಉತ್ತರ ಬಾರದಿದ್ದರೆ ಕಾರ್ಡು ವಾಪಸ್ ಗೋಡೆಗೆ ಹೋಗುತ್ತಿರಲಿಲ್ಲ. ನನ್ನ ಮೊದಲ ದೃಶ್ಯದಲ್ಲಿ ಒಬ್ಬಳು ಕಿಟಕಿಯ ಬಳಿ ನಿಂತು ಮಂಜು ನೋಡುತ್ತಿದ್ದಳು. "ಇದು ಸೀನಲ್ಲ, ಹವಾಮಾನ ವರದಿ" ಅಂದರು ಐವಿಯನ್.

ಟಿಡಿರ್‌ನ ಎಲ್ಲ ಕಥೆಯೂ ಕೆರೆಯಲ್ಲಿ ತೇಲುವ ಹೆಣದಿಂದ ಶುರುವಾಗುತ್ತಿತ್ತು. ಮೈನಿರ್ ಕಥೆ ಒಂದು ಚಿಪ್ಸ್ ಅಂಗಡಿಯದು. ಮಗ ಸತ್ತ ಮೇಲೆ ಮಾವ, ಸೊಸೆ ಸೇರಿ ಅಂಗಡಿ ನಡೆಸುತ್ತಾರೆ. ಮಾವ ಮೀನು ಕರಿಯುತ್ತಾನೆ, ಸೊಸೆ ಆಲೂಗಡ್ಡೆ ಹೆಚ್ಚುತ್ತಾಳೆ. ಅವನು ಅವಳಿಗೆ ನೀವು ಅನ್ನುತ್ತಾನೆ. ಆರು ಕಂತು.

"ಹೆಣ ಎಲ್ಲಿ ಮೈನಿರ್?" ಎಂದ ಟಿಡಿರ್.

"ಫ್ರಿಜ್ಜಲ್ಲಿ ಅಷ್ಟು ಮೀನಿದೆಯಲ್ಲೋ, ಸಾಲದಾ ನಿಂಗೆ?"

"ಮತ್ತೆ ಆರನೇ ಕಂತಿನ ಕೊನೇಲಿ ಏನಾಗುತ್ತೆ?"

"ಅವನು ಅವಳಿಗೆ ನೀನು ಅಂತಾನೆ."

"ಅಷ್ಟೇನಾ? ಆರು ಗಂಟೆ ಕೂತಿದ್ದು ಒಂದು ಪದಕ್ಕಾ?"

"ಅಷ್ಟೇ" ಅಂದರು ಮೈನಿರ್. ಟಿಡಿರ್ ನಗಲು ಬಾಯಿ ತೆರೆದವನು, ಯಾಕೋ, ಮುಚ್ಚಿಕೊಂಡ. ಅವನ ಅಜ್ಜನೂ ಅಂಥವರೇ ಇದ್ದರೆಂದು ಆಮೇಲೆ ಹೇಳಿದ.

ಮೇ ತಿಂಗಳಲ್ಲಿ ರಾಜಧಾನಿ ಕಾರ್ಡಿಫ್‌ನಿಂದ ವಾಹಿನಿಯವರು ಬಂದು ನಮ್ಮ ಆರು ಕಥೆಗಳನ್ನೂ ಕೇಳುವುದಿತ್ತು. ಅದರಲ್ಲಿ ಒಂದನ್ನು ಮಾತ್ರ ಬೆಳೆಸಲು ತೆಗೆದುಕೊಳ್ಳುತ್ತಾರೆ. ಬೆಳೆಸುವುದೆಂದರೆ, ಬರೆಯುವವರ ಒಂದು ಕೋಣೆ, ತಿದ್ದುವವರೊಬ್ಬರು, ಆರು ಕಂತಿಗೂ ಸಾಕಾಗುವಷ್ಟು ಸಮಯ. ನಮಗೆಲ್ಲ ಆಸೆಯಿತ್ತು. ಆದರೆ ನಾವು ಸೋತರೆ ಮತ್ತೆಲ್ಲೋ ಹೋಗಿ ಬಾಗಿಲು ತಟ್ಟುವವರು. ಮೈನಿರ್‌ಗೆ ಇದ್ದದ್ದು ಇದೊಂದೇ ಬಾಗಿಲು. ಬಸ್ಸಿಗೆ ಕಾಯುತ್ತಾ ಒಮ್ಮೆ ಅವರೇ ಅಂದಿದ್ದರು, "ಈ ಕಥೆ ಹೋಗದಿದ್ರೆ ಇನ್ನೊಂದು ಕಥೆ ನನ್ನ ಹತ್ರ ಇಲ್ಲ ಪುಟ್ಟಿ. ನಿಮ್ಮ ಹಾಗೆ ಕಟ್ಟೋಕೆ ಬರಲ್ಲ. ನನಗೆ ಗೊತ್ತಿರೋದು ಇದೊಂದೇ ಮನೆ."

ಮೊದಲ ವಾರವೇ ನನಗೆ ಅವರು ಹೇಳಿದ್ದರು, ನೀನು ಅನ್ನು, ಮುದುಕಿ ಮಾಡಬೇಡ ಅಂತ. ಎರಡು ಸಲ ಪ್ರಯತ್ನಪಟ್ಟೆ. ಬ್ಯಾಂಕಿನವರಿಗೂ ತಿ ಅನ್ನುವ ನಾಲಿಗೆ ಇವರಿಗೆ ಮಾತ್ರ ಒಪ್ಪಲಿಲ್ಲ.

ಭಾನುವಾರಗಳಲ್ಲಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಬರೆಯಲು ಆಗುತ್ತಿರಲಿಲ್ಲ. ಇದ್ವಲ್ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ, ಕೋಟು ಕೂಡ ಬಿಚ್ಚದೆ, ಬಾರಾ ಬ್ರಿತ್ ಎಂಬ ಒಣದ್ರಾಕ್ಷಿ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರುತ್ತಾ ನಮ್ಮನ್ನು ನೋಡುತ್ತಿದ್ದರು. ಒಂದು ಧಾರಾವಾಹಿಯ ಪಾತ್ರ, ಊರು, ಕಂತು ಎಲ್ಲದರ ವಿವರ ಬರೆದಿಡುವುದಕ್ಕೆ ನಮ್ಮ ಕಸುಬಿನಲ್ಲಿ ಬೈಬಲ್ ಅನ್ನುತ್ತಾರೆ. ಅದು ಅವರ ಕಿವಿಗೆ ಬಿದ್ದಿತ್ತು.

"ಮೈನಿರ್, ನೀವು ಬೈಬಲ್ ಬರೀತಿದೀರಂತೆ. ಪಾದ್ರಿಗಳು ಕೇಳಿದ್ರು."

"ಹೌದು ಮಾವ."

"ಇದ್ದದ್ದಕ್ಕೆ ಏನಾಯ್ತು?"

"ಅದರಲ್ಲಿ ಚಿಪ್ಸ್ ಅಂಗಡಿ ಇಲ್ವಲ್ಲ."

"ಮೀನಂತೂ ಇದೆ" ಅಂದರು ಇದ್ವಲ್, ಬೆಣ್ಣೆಯ ಚಾಕುವನ್ನು ಪೆರೋಗೆ ನೆಕ್ಕಲು ಹಿಡಿಯುತ್ತಾ. ಮೈನಿರ್ ಅದನ್ನು ಕಿತ್ತುಕೊಂಡು ಸಿಂಕಿಗೆ ಎಸೆದರು.

ತಪ್ಪು ನಡೆದದ್ದು ಫೆಬ್ರವರಿಯಲ್ಲಿ. ಅದು ನಮ್ಮವರಿಂದ ಮಾತ್ರ ಆಗಬಹುದಾದ ತಪ್ಪು.

ನಮ್ಮಲ್ಲಿ ಅನೇಕ ಧಾರಾವಾಹಿಗಳು ಎರಡು ಸಲ ಚಿತ್ರೀಕರಣವಾಗುತ್ತವೆ. ಒಂದು ದೃಶ್ಯವನ್ನು ವೆಲ್ಶ್‌ನಲ್ಲಿ ಆಡಿ ಮುಗಿಸಿದ ಕೂಡಲೇ ಅದೇ ನಟರು, ಅದೇ ಬಟ್ಟೆಯಲ್ಲಿ, ಅದೇ ಲೋಟ ಹಿಡಿದು ಇಂಗ್ಲಿಷ್‌ನಲ್ಲಿ ಆಡುತ್ತಾರೆ. ಎರಡನೇ ಸಲಕ್ಕೆ ಚಹಾ ಆರಿರುತ್ತದೆ. ಹಾಗಾಗಿ ಐವಿಯನ್ ನಮ್ಮ ಕೈಯಲ್ಲೂ ಎರಡೂ ಭಾಷೆಯಲ್ಲಿ ಬರೆಸುತ್ತಿದ್ದರು. ಮೈನಿರ್ ಎರಡನೇ ಕಂತಿನ ಜಗಳದ ದೃಶ್ಯವನ್ನು ಮೊದಲು ಇಂಗ್ಲಿಷ್‌ನಲ್ಲಿ ಬರೆದು, ಆಮೇಲೆ ವೆಲ್ಶ್‌ಗೆ ತಂದಿದ್ದರು. ಇಂಗ್ಲಿಷ್‌ನಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಎಲ್ಲಕ್ಕೂ ‘ಯೂ’ ಒಂದೇ. ಇಪ್ಪತ್ತು ವರ್ಷ ಅವರು ನಮ್ಮ ಎರಡು ಪದಗಳನ್ನು ಆ ಒಂದರೊಳಗೆ ತುರುಕಿದವರು. ಈಗ ಆ ಒಂದನ್ನು ಬಿಡಿಸಿ ವಾಪಸ್ ತರುವಾಗ ಕೈ ತಪ್ಪಿತು.

ತರಗತಿಯಲ್ಲಿ ಐವಿಯನ್ ಅದನ್ನು ಓದಿಸಿದರು. ಮಾವನ ಮಾತು ಟಿಡಿರ್‌ಗೆ, ಸೊಸೆಯದು ನನಗೆ. ಎಣ್ಣೆ ಹೊತ್ತಿ ಅಂಗಡಿ ತುಂಬ ಹೊಗೆ. ಗಿರಾಕಿಗಳು ಹೊರಗೆ ಓಡುತ್ತಾರೆ. ಟಿಡಿರ್ ಮುದುಕನ ಗಂಟಲು ಮಾಡಿಕೊಂಡು ಗದರಿದ:

"ಮೂಗಿಲ್ವಾ ನಿನಗೆ? ಎಲ್ಲಿ ನೋಡ್ತಿದ್ದೆ ನೀನು?"

ಓದಿದವನು ಅಲ್ಲೇ ನಿಂತ. ಹಾಳೆಯನ್ನು ಹತ್ತಿರಕ್ಕೆ ಹಿಡಿದ. "ಇಲ್ಲಿ... ನೀನು ಅಂತಿದೆ."

ನನಗೆ ಮುಂದಿನ ಸಾಲು ಓದಲಾಗಲಿಲ್ಲ. ಓದುವ ಆಟದಲ್ಲೇ ಇದ್ದೆ, ಆದರೂ ಯಾರೋ ನನ್ನ ಹೆಸರು ಹಿಡಿದು ಬೀದಿಯಲ್ಲಿ ಕೂಗಿದ ಹಾಗಾಗಿತ್ತು.

"ಅಯ್ಯೋ" ಎಂದು ಮೈನಿರ್ ಎದ್ದೇ ಬಿಟ್ಟರು. "ತಪ್ಪು ತಪ್ಪು. ನೀವು ಅಂತ ಆಗ್ಬೇಕು. ತಿದ್ದಿ, ತಿದ್ದಿ."

"ಮುಟ್ಟಬೇಡಿ" ಅಂದರು ಐವಿಯನ್.

"ಆರನೇ ಕಂತಿನದು ಇಲ್ಲಿಗೆ ಬಂದುಬಿಟ್ಟಿದೆ ಐವಿಯನ್. ಎಲ್ಲ ಹಾಳಾಯ್ತು."

"ಈ ಕೋಣೇಲಿ ಒಬ್ಬರೂ ಉಸಿರಾಡ್ತಿಲ್ಲ, ನೋಡಿ. ಅಕ್ಟೋಬರ್‌ನಿಂದ ಇವತ್ತಿನವರೆಗೆ ನಿಮ್ಮಲ್ಲಿ ಯಾರೂ ನನಗೆ ಇದನ್ನ ಮಾಡಿ ತೋರಿಸಿಲ್ಲ." ಅವರು ಗೋಡೆಯ ಹತ್ತಿರ ಹೋಗಿ, ಆರನೇ ಕಂತಿನ ಕೊನೆಯ ಕಾರ್ಡನ್ನು ಕಿತ್ತು ಎರಡನೇ ಕಂತಿನಲ್ಲಿ ಅಂಟಿಸಿದರು. ನಡುವಿನ ಕಾರ್ಡುಗಳನ್ನೂ ತೆಗೆದರು. ಗೋಡೆಯ ಬಲಗಡೆ ಬೋಳಾಯಿತು. "ಮಾತು ಜಾರಿದೆ. ಇನ್ನು ನಾಲ್ಕು ಕಂತು ಇವರಿಬ್ಬರೂ ಏನು ಮಾಡ್ತಾರೆ? ಕೊನೇಲಿ ಏನಿದೆ? ಅದನ್ನ ಹುಡುಕಿ. ಸಿಗದಿದ್ರೆ ಮೇ ತಿಂಗಳಲ್ಲಿ ಅವರ ಮುಂದೆ ಇಡೋಕೆ ನಿಮ್ಮ ಹತ್ರ ಒಂದೂವರೆ ಕಂತು ಇರುತ್ತೆ, ಅಷ್ಟೇ."

ಮೈನಿರ್ ಆ ಬೋಳು ಗೋಡೆಯನ್ನು ನೋಡುತ್ತಾ ನಿಂತಿದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟಿಡಿರ್ ಅವರಿಗೆ ಸೂಪು ತಂದುಕೊಟ್ಟು, "ಬೇಕಿದ್ರೆ ನನ್ನ ಹತ್ರ ಒಂದು ಹೆಣ ಜಾಸ್ತಿ ಇದೆ" ಅಂದ. ಅವರು ನಕ್ಕರು. ಸೂಪು ಹಾಗೇ ಉಳಿಯಿತು.

ಮಾರ್ಚ್ ಕಳೆಯಿತು. ಅವರು ಬರೆದರು, ಹರಿದರು. ಸೊಸೆ ಮನೆ ಬಿಟ್ಟು ಹೋಗುತ್ತಾಳೆ. ಇಲ್ಲ, ಮಾವನಿಗೆ ಕಾಯಿಲೆ. ಇಲ್ಲ, ಅಂಗಡಿ ಮಾರಾಟ. ಐವಿಯನ್ ಒಂದೊಂದೇ ಕಾರ್ಡು ಕಿತ್ತು ಕೈಗೆ ಕೊಟ್ಟರು. "ಇವೆಲ್ಲ ಹೊರಗಿಂದ ಬಂದದ್ದು ಮೈನಿರ್. ಒಳಗೇ ಏನೋ ಇದೆ. ಆ ಮುದುಕ ಇಷ್ಟು ವರ್ಷ ಯಾಕೆ ನೀವು ಅಂದ? ಅದು ನಿಮಗೆ ಗೊತ್ತಾ?"

ಗೊತ್ತಿದೆ ಎಂದುಕೊಂಡಿದ್ದರು ಮೈನಿರ್. ಅಂತರ. ಹೊರಗಿನಿಂದ ಬಂದವಳು ಅಂತ.

ಏಪ್ರಿಲಿನ ಒಂದು ಭಾನುವಾರ, ನಾನು ಅವರ ಅಡುಗೆಮನೆಯ ಮೇಜಿನ ಬಳಿ ಇದ್ದೆ, ಮೈನಿರ್ ಆಲೂಗಡ್ಡೆ ಸುಲಿಯುತ್ತಿದ್ದರು, ಇದ್ವಲ್ ಶೂ ಪಾಲಿಶ್ ಮಾಡುತ್ತಿದ್ದರು. ಮೈನಿರ್ ತಲೆ ಎತ್ತದೆ ಕೇಳಿದರು:

"ಮಾವ, ನನಗೆ ಯಾಕೆ ನೀವು ಅಂತೀರಿ?"

"ಮತ್ತೇನನ್ನಲಿ?"

"ಎಮ್ರಿಸ್‌ಗೆ ನೀನು ಅಂತಿದ್ರಿ. ಪೆರೋಗೂ ಅಂತೀರಿ."

"ಪೆರೋ ಬೂಟು ಕಚ್ತಾನೆ."

"ತಮಾಷೆ ಬೇಡ. ಇದು ನನ್ನ ಕಥೆಗೆ ಬೇಕು."

ಇದ್ವಲ್ ಬ್ರಷ್ ಕೆಳಗಿಟ್ಟರು. "ಆ ಮುದುಕ ನಾನಾ?"

"ಅವನು ಚಿಪ್ಸ್ ಅಂಗಡಿಯವನು."

"ಅವನಿಗೆ ಮೀನು ಕರಿಯೋಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ನಾನಲ್ಲ." ಅವರು ಮತ್ತೆ ಬ್ರಷ್ ತೆಗೆದುಕೊಂಡರು. ಒಂದು ಶೂ ಹೊಳೆಯುವವರೆಗೆ ಉಜ್ಜಿದರು. ಅಷ್ಟೇ ಇರಬೇಕು ಎಂದುಕೊಂಡೆ. ಆಗ ಅವರು ಶೂಗೇ ಹೇಳುವ ಹಾಗೆ ಹೇಳತೊಡಗಿದರು:

"ನನ್ನಪ್ಪ ಗಣೀಲಿ ಕೆಲಸ ಮಾಡ್ತಿದ್ದ. ಸಂಬಳದ ದಿನ ಕುಡಿದು ಬರೋನು. ಆವತ್ತು ಅಮ್ಮನಿಗೆ ನೀನು ಅನ್ನೋನು. ಬೆಳಿಗ್ಗೆ ಎದ್ದು ನೀವು. ನಾನು, ತಂಗಿ ಮೆಟ್ಟಿಲ ಮೇಲೆ ಕೂತಿರ್ತಿದ್ವಿ. ಬಾಗಿಲು ತೆಗೆದ ಕೂಡಲೇ ಯಾವ ಮಾತು ಬರುತ್ತೆ ಅಂತ ಕಾಯ್ತಿದ್ವಿ. ನೀವು ಬಂದ್ರೆ ಹೋಗಿ ಮಲಗೋದು. ಇನ್ನೊಂದು ಬಂದ್ರೆ ತಂಗೀನ ಕರ್ಕೊಂಡು ಹಿತ್ತಲಿಗೆ ಹೋಗೋದು."

ಮೈನಿರ್ ಕೈಯಲ್ಲಿದ್ದ ಸಿಪ್ಪೆ ಉದ್ದಕ್ಕೆ ನೇತಾಡುತ್ತಿತ್ತು.

"ಮದುವೆ ಆದಾಗ ಅಂದ್ಕೊಂಡೆ, ನನ್ನ ಮನೇಲಿ ಹೆಂಗಸರಿಗೆ ಆ ಮಾತು ಬರಬಾರದು. ಎಮ್ರಿಸ್ ಅಮ್ಮನಿಗೆ ಒಂದು ದಿನಾನೂ ಅಂದವನಲ್ಲ ನಾನು. ಅವರಿಗಿಂತ ಹತ್ತಿರದವರು ನನಗೆ ಯಾರಿದ್ರು? ಆಮೇಲೆ ನೀವು ಬಂದ್ರಿ."

"ದೇವರಿಗೆ ನೀನು ಅಂತೀರಲ್ಲ" ಅಂದರು ಮೈನಿರ್.

"ಎಮ್ರಿಸ್ ಹೋದಾಗ ದೇವರಿಗೆ ಏನೇನೋ ಅಂದೆ. ಅವನು ತಡ್ಕೋತಾನೆ. ನೀವು ಯಾಕೆ ತಡ್ಕೋಬೇಕು?"

"ನಾನು ಅಂದ್ಕೊಂಡಿದ್ದೆ ಮಾವ, ಇಷ್ಟು ವರ್ಷ, ನಿಮಗೆ ನಾನು ಹೊರಗಿನವಳು ಅಂತ."

ಇದ್ವಲ್ ನಿಜವಾಗಿಯೂ ಅಚ್ಚರಿಪಟ್ಟರು. "ಹೊರಗಿನವರ ಹತ್ರ ನಾನು ಇಷ್ಟು ಮಾತಾಡಿದ್ದು ನೋಡಿದೀರಾ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನೋಡಿದೀರೇನಮ್ಮಾ?" ಅಂದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಮೈನಿರ್ ಎದ್ದು ಕೆಟಲಿಗೆ ನೀರು ಹಿಡಿದರು. ಅದು ಮೊದಲೇ ತುಂಬಿತ್ತು. ನೀರು ಉಕ್ಕಿ ಅವರ ತೋಳಿನ ಮೇಲೆ ಹರಿಯಿತು, ಅವರು ನಲ್ಲಿ ನಿಲ್ಲಿಸಲಿಲ್ಲ. ಬೆನ್ನು ನಮ್ಮ ಕಡೆಗಿತ್ತು. ಇದ್ವಲ್ ಎರಡನೇ ಶೂ ಎತ್ತಿಕೊಂಡು ಬಹಳ ಗಮನವಿಟ್ಟು ಉಜ್ಜಿದರು.

ಮಾರನೆಯ ದಿನ ಮೈನಿರ್ ಕಾಲೇಜಿಗೆ ನಮಗಿಂತ ಮೊದಲೇ ಬಂದಿದ್ದರು. ಗೋಡೆಯ ಬಲಗಡೆ ತುಂಬಿತ್ತು. ಅಂಗಡಿಗೆ ಬೆಂಕಿ ಹತ್ತಿದ ದಿನ ಮಾವನ ಬಾಯಿಂದ ನೀನು ಜಾರುತ್ತದೆ. ಸೊಸೆಗೆ ಒಳಗೊಳಗೇ ಹಿಗ್ಗು, ಕೊನೆಗೂ ನನ್ನನ್ನು ಮನೆಯವಳು ಅಂದರು ಅಂತ. ಮಾವನಿಗೆ ನಾಚಿಕೆ, ಅಪ್ಪನ ಮಾತು ನನ್ನ ಬಾಯಿಗೂ ಬಂತಲ್ಲ ಅಂತ. ಅವಳು ಆ ಮಾತು ಇನ್ನೊಮ್ಮೆ ಕೇಳಲು ಹತ್ತಿರ ಹತ್ತಿರ ಹೋಗುತ್ತಾಳೆ. ಅವನು ದೂರ ದೂರ ಸರಿಯುತ್ತಾನೆ. ನಾಲ್ಕು ಕಂತು. ಕೊನೆಯಲ್ಲಿ ಅವನು ನೀವು ಅನ್ನುತ್ತಾನೆ, ಮೊದಲಿನಿಂದಲೂ ಅನ್ನುತ್ತಿದ್ದ ಅದೇ ಮಾತು. ಈ ಸಲ ಅವಳಿಗೆ ಅದು ಕೇಳಿಸುತ್ತದೆ.

ಐವಿಯನ್ ಗೋಡೆಯನ್ನು ಎಡದಿಂದ ಬಲಕ್ಕೆ ಓದಿದರು. ಒಂದು ಕಾರ್ಡನ್ನೂ ಕೀಳಲಿಲ್ಲ. "ಚಹಾ ಕುಡಿದು ಬರ್ತೀನಿ" ಎಂದು ಹೊರಗೆ ಹೋದರು. ಟಿಡಿರ್ ಕಾರ್ಡುಗಳ ಮುಂದೆ ಬಹಳ ಹೊತ್ತು ನಿಂತಿದ್ದ. "ಹೆಣ ಬೇಡ ಬಿಡಿ" ಅಂದ.

ಮೇ ತಿಂಗಳಲ್ಲಿ ಬಂದದ್ದು ಇಬ್ಬರು. ಮಾತಾಡಿದ್ದು ಒಬ್ಬಾಕೆ, ಮಾರೆಡ್ ಎಂದು ಹೆಸರು. ಕೂದಲು ಕತ್ತರಿಸಿದ, ಚುರುಕು ಕಣ್ಣಿನ, ದಕ್ಷಿಣದ ವೆಲ್ಶ್ ಆಡುವ ಹೆಂಗಸು. ಮೈನಿರ್ ಕಥೆ ಹೇಳುವಾಗ ಕೈಯಲ್ಲಿ ಏನೂ ಹಿಡಿದಿರಲಿಲ್ಲ. ಮೆಟ್ಟಿಲ ಮೇಲೆ ಕೂತ ಮಕ್ಕಳ ಭಾಗಕ್ಕೆ ಬಂದಾಗ ಮಾರೆಡ್ ಪೆನ್ನು ಮುಚ್ಚಿದ್ದನ್ನು ನಾನು ನೋಡಿದೆ. ಅದನ್ನು ಸೇರಿಸಿಕೊಳ್ಳಲು ಮೈನಿರ್ ಇದ್ವಲ್ ಹತ್ತಿರ ಅಪ್ಪಣೆ ಕೇಳಿದ್ದರು. "ಗಣಿ ಅನ್ನಬೇಡಿ, ಬೇರೇನಾದ್ರೂ ಅನ್ನಿ" ಎಂದಿದ್ದರಂತೆ ಅವರು. ಕಥೆಯಲ್ಲಿ ಅದು ಹಡಗಿನ ಕೆಲಸವಾಗಿತ್ತು.

"ಚೆನ್ನಾಗಿದೆ" ಅಂದರು ಮಾರೆಡ್. "ತುಂಬಾ ಚೆನ್ನಾಗಿದೆ. ಆದ್ರೆ ನನ್ನ ಕಷ್ಟ ನಿಮಗೆ ಗೊತ್ತು. ಇದನ್ನ ಎರಡು ಸಲ ತೆಗೀಬೇಕು. ಇಂಗ್ಲಿಷ್‌ನಲ್ಲಿ ಈ ಕಥೆ ಎಲ್ಲಿದೆ? ಅವನು ಎರಡು ಸಲವೂ ಯೂ ಅಂತಾನೆ, ಅಷ್ಟೇ ತಾನೇ? ಮಗಳೇ ಅಂತಲೋ, ಹೆಸರು ಹಿಡಿದೋ, ಏನಾದ್ರೂ ಬದಲು ಮಾಡಿದ್ರೆ ಈಗಲೇ ಒಪ್ಕೋತೀನಿ."

ಕೋಣೆಯಲ್ಲಿ ನಾವೆಲ್ಲ ಮನಸ್ಸಿನಲ್ಲೇ ‘ಒಪ್ಪಿಕೊಳ್ಳಿ’ ಅನ್ನುತ್ತಿದ್ದೆವು. ಐವಿಯನ್ ಕೂಡ ನೆಲ ನೋಡುತ್ತಿದ್ದರು. ಒಂದು ‘ಹೂಂ’ ಸಾಕಿತ್ತು.

"ಮಗಳೇ ಅಂದ್ರೆ ಅದು ಬೇರೆ ಮುದುಕ" ಅಂದರು ಮೈನಿರ್. "ನಾನು ಆ ಮುದುಕನ್ನ ನೋಡಿಲ್ಲ."

"ಮತ್ತೆ?"

"ಆ ಎರಡು ಕಡೆ ಮಾತ್ರ ಅವನು ವೆಲ್ಶ್‌ನಲ್ಲೇ ಮಾತಾಡ್ಲಿ. ಇಂಗ್ಲಿಷ್ ಕಂತಲ್ಲೂ. ಸಿಟ್ಟು ಬಂದ್ರೆ, ಅಳು ಬಂದ್ರೆ ನಮ್ಮ ಮುದುಕರು ಇಂಗ್ಲಿಷ್ ಆಡೋದನ್ನ ನೀವು ನೋಡಿದೀರಾ?"

ಮಾರೆಡ್ ನಕ್ಕರು. "ಇಲ್ಲ, ನಮ್ಮಪ್ಪನೂ ಇಲ್ಲ. ಸರಿ, ಕೆಳಗೆ ಸಬ್‌ಟೈಟಲ್ ಹಾಕೋಣ. ಏನಂತ ಹಾಕ್ತೀರಿ?"

"ಏನೂ ಹಾಕಬೇಡಿ."

"ನೋಡೋರಿಗೆ ಅರ್ಥ ಆಗದಿದ್ರೆ?"

ಮೈನಿರ್ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಿದ್ದರು. "ನಾನು ಇಪ್ಪತ್ತು ವರ್ಷ ಕೆಳಗೆ ಬರೆದೆ ಮಾರೆಡ್" ಅಂದರು. "ನಾನು ಬರೆದಾಗೆಲ್ಲ ಜನ ಕೆಳಗೆ ನೋಡಿದ್ರು. ಅಷ್ಟು ಹೊತ್ತು ಮುಖ ನೋಡಲಿಲ್ಲ. ಈ ಎರಡು ಸಲ ಅವರು ಅವಳ ಮುಖ ನೋಡ್ಲಿ. ಮಾತು ಗೊತ್ತಾಗದಿದ್ರೂ, ಏನೋ ಆಯ್ತು ಅಂತ ಗೊತ್ತಾಗುತ್ತೆ."

"ಮೇಲಿನವರು ಒಪ್ಪದಿದ್ರೆ?"

"ಆಗ ಬೇಡ" ಅಂದರು ಮೈನಿರ್. ಹೇಳಿದ ಮೇಲೆ ತಾವೇ ಹೆದರಿದ ಹಾಗೆ ಕುರ್ಚಿ ಹುಡುಕಿ ಕೂತರು.

"ಕೇಳಿ ನೋಡ್ತೀನಿ. ಏನೂ ಭರವಸೆ ಕೊಡಲ್ಲ" ಎಂದು ಮಾರೆಡ್ ಬರೆದುಕೊಂಡರು. ಆಮೇಲೆ ಟಿಡಿರ್‌ನ ಹೆಣದ ಸರದಿ ಬಂತು. ಅವರಿಗೆ ಅದೂ ಇಷ್ಟವಾದ ಹಾಗಿತ್ತು.

ಬಸ್ಸಿನಲ್ಲಿ ನಾನು ಮೈನಿರ್‌ಗೆ ಸಮಾಧಾನ ಹೇಳಲು ಹೋದೆ. "ಸುಮ್ನಿರು" ಅಂದರು. "ನಾನು ಒಪ್ಪಿದ್ರೆ ಮನೆಗೆ ಹೋಗಿ ಮಾವನ ಮುಖ ಹೇಗೆ ನೋಡ್ತಿದ್ದೆ?" ಸ್ವಲ್ಪ ದೂರ ಹೋದ ಮೇಲೆ, "ಆದ್ರೂ, ಒಪ್ಪಿದ್ರೆ ಚೆನ್ನಾಗಿತ್ತು" ಎಂದು ಕಿಟಕಿಯ ಕಡೆ ತಿರುಗಿದರು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ತಣ್ಣಗಿತ್ತು.

ಉತ್ತರ ಬರಲು ಜೂನ್ ಆಯಿತು. ಅಷ್ಟರಲ್ಲಿ ತರಗತಿ ಮುಗಿದಿತ್ತು. ಗೋಡೆಯ ಕಾರ್ಡುಗಳನ್ನು ತೆಗೆಯಲು ನಾವಿಬ್ಬರೂ ಕಾಲೇಜಿಗೆ ಹೋಗಿದ್ದೆವು. ಅವರು ಕಂತಿನ ಪ್ರಕಾರ ಕಟ್ಟು ಮಾಡಿ ರಬ್ಬರ್ ಹಾಕುತ್ತಿದ್ದರು, ನಾನು ಗೋಡೆಯ ಅಂಟು ಕೆರೆಯುತ್ತಿದ್ದೆ. ಹೊರಗೆ ಮೆಟ್ಟಿಲಿಗೆ ಬರುವಷ್ಟರಲ್ಲಿ ಫೋನ್ ಬಂತು. ಮೈನಿರ್ ಕಟ್ಟುಗಳನ್ನು ನನ್ನ ತೋಳಿಗೆ ಹಾಕಿ ಒಂದು ಕಿವಿ ಮುಚ್ಚಿಕೊಂಡು ಕೇಳಿದರು. ಹೂಂ. ಹೂಂ. ಎರಡೂ ಕಡೇನಾ? ಹೂಂ. ಆಮೇಲೆ ಫೋನನ್ನು ಚೀಲದೊಳಗೆ ಹಾಕಿ, ಚೀಲದ ಜಿಪ್ ಎಳೆದು, ಮತ್ತೆ ಬಿಚ್ಚಿ, ಮತ್ತೆ ಎಳೆದರು.

"ಏನಂದ್ರು?"

"ಒಪ್ಪಿದಾರೆ."

"ಎರಡೂ?"

"ಎರಡೂ. ಕೆಳಗೆ ಏನೂ ಇಲ್ಲ." ಅವರು ಕಣ್ಣೊರೆಸಿಕೊಂಡರು. "ಸೆಪ್ಟೆಂಬರ್‌ಗೆ ಕಾರ್ಡಿಫ್‌ಗೆ ಬರಬೇಕಂತೆ, ಕೋಣೆ ಕೊಡ್ತಾರಂತೆ. ಮಾವನಿಗೆ ಮೊಟ್ಟೆ ಬೇಯಿಸೋದು ಹೇಳ್ಕೊಡ್ಬೇಕು."

ನಾನು ಅವರನ್ನು ಅಪ್ಪಿಕೊಳ್ಳಲು ಹೋದೆ, ಕೈ ತುಂಬ ಕಾರ್ಡು. ಮೂರನೇ ಕಂತಿನ ಕಟ್ಟು ಜಾರಿ ಮೆಟ್ಟಿಲ ಮೇಲೆ ಚೆಲ್ಲಿತು. ಇಬ್ಬರೂ ಕೂತು ಆಯುತ್ತಿದ್ದೆವು. ಮೈನಿರ್ ಒಂದು ಕಾರ್ಡು ಕೈಯಲ್ಲಿ ಹಿಡಿದು, ಓದಿ, ತಿರುಗಿಸಿ, ಮತ್ತೆ ಓದಿದರು. ಅಳು ಎಲ್ಲೋ ಹೋಗಿತ್ತು. ಹುಬ್ಬು ಗಂಟಾಗಿತ್ತು.

"ಇದು ತಪ್ಪು" ಅಂದರು.

"ಯಾವುದು?"

"ಇಲ್ಲಿ ಅವನು ಮಾತು ಬಿಡ್ತಾನೆ ಅಂತ ಬರ್ದಿದೀನಲ್ಲ, ನಾಚಿಕೆಯಾದವನು ಮಾತು ಬಿಡಲ್ಲ. ಜಾಸ್ತಿ ಆಡ್ತಾನೆ. ಎಲ್ಲರ ಹತ್ರ. ಗಿರಾಕಿಗಳ ಹತ್ರ, ಆಲೂಗಡ್ಡೆ ತರೋನ ಹತ್ರ, ಎಲ್ಲರಿಗೂ ನೀವು ನೀವು ಅಂತಾನೆ, ಅವಳು ಒಳಗಿಂದ ಕೇಳಿಸ್ಕೋತಾ ಇರ್ತಾಳೆ..." ಅವರು ಎದ್ದರು. ಕಾರ್ಡು ಕೈಯಲ್ಲೇ ಇತ್ತು, ಉಳಿದವು ನನ್ನ ಮಡಿಲಲ್ಲಿ. ಕೆಳಗಿನ ರಸ್ತೆಗೆ ಬಸ್ಸು ಬಂದಿತ್ತು. ಅದನ್ನು ನೋಡಿಯೇ ಇಳಿದರೋ, ನೋಡದೆಯೇ ಇಳಿದರೋ ಗೊತ್ತಿಲ್ಲ.

"ಮೈನಿರ್, ಕಾರ್ಡು!"

"ಅವಳಿಗೆ ಸಿಟ್ಟು ಬರಬೇಕು, ಅಲ್ವಾ," ತಿರುಗದೆಯೇ, ಇಳಿಯುತ್ತಲೇ ಅನ್ನುತ್ತಿದ್ದರು, "ಎಲ್ಲರಿಗೂ ಕೊಡೋ ಮಾತನ್ನೇ ನನಗೂ ಕೊಡ್ತಾನೆ ಅಂತ, ಆಗ ಅವಳು ಏಪ್ರನ್ ಬಿಚ್ಚಿ, ಹೊರಗೆ ಬಂದು, ಅಷ್ಟೂ ಜನದ ಮುಂದೆ ಅವನಿಗೆ ನೀನು ಅಂತಾಳೆ!"